ಎರವಲು ಅಂಗಿಯಲ್ಲೊಬ್ಬ ಗಾಯಕ

ಕೊಡಗಿಗೆ ‘ಭಾರತದ ಸ್ಕಾಟ್‌ಲೆಂಡ್’ ಎಂದು ಹೆಸರಿಟ್ಟವರಿಗೆ ಸ್ಕಾಟ್‌ಲೆಂಡಿನ ನೆನಪು ಕಾಡುತ್ತಿದ್ದಿರಬೇಕು. ಕೊಡಗಿಗೆ ಅಂಥದ್ದೇನೂ ಕಾಡುತ್ತಿರಲಿಲ್ಲ. ಆದರೂ ಆ ಹೆಸರನ್ನು ನಾವು ಹೋಮ್‌ಸ್ಟೇ ಬೋರ್ಡುಗಳ ಮೇಲೆ ಹೆಮ್ಮೆಯಿಂದ ಬರೆಸುತ್ತೇವೆ. ಶಿಶುನಾಳ ಶರೀಫರು ‘ಕರ್ನಾಟಕದ ಕಬೀರ’. ಕಬೀರರನ್ನು ‘ಕಾಶಿಯ ಶರೀಫ’ ಎಂದು ಕರೆದವರನ್ನು ನಾನಂತೂ ಕಂಡಿಲ್ಲ. ಹೋಲಿಕೆಯ ರಸ್ತೆಗಳೆಲ್ಲ ಒನ್‌ವೇ.

ಈ ಒನ್‌ವೇಯಲ್ಲಿ ಕಾಬೂಲಿನ ಅಹ್ಮದ್ ಜಾಹಿರ್‌ನಷ್ಟು ಕೆಟ್ಟದಾಗಿ ಸಿಕ್ಕಿಬಿದ್ದವರು ಕಡಿಮೆ. 1946ರ ಜೂನ್ 14ರಂದು ಹುಟ್ಟಿ, 1979ರ ಜೂನ್ 14ರಂದು, ಮೂವತ್ತಮೂರು ತುಂಬಿದ ದಿನವೇ ತೀರಿಕೊಂಡ ಈ ಗಾಯಕನ ಬಗ್ಗೆ ಯಾವ ಪತ್ರಿಕೆ ಬರೆಯಲಿ, ಯಾವ ಚಾನೆಲ್ ಹೇಳಲಿ, ಮೊದಲ ವಾಕ್ಯದಲ್ಲಿ ‘ಅಫ್ಘಾನಿಸ್ತಾನದ ಎಲ್ವಿಸ್’ ಬಂದೇ ಬರುತ್ತದೆ. ಎರಡನೇ ವಾಕ್ಯದಲ್ಲಿ ಸಾಲಂಗ್ ರಸ್ತೆಯ ನಿಗೂಢ ಸಾವು. ಮೂರನೆಯದರಲ್ಲಿ ತಾಲಿಬಾನಿಗಳು ಒಡೆದ ಗೋರಿ. ಅಷ್ಟಕ್ಕೆ ಜಾಗ ಮುಗಿದಿರುತ್ತದೆ. ಅವನು ಏನು ಹಾಡಿದ, ಯಾರ ಪದ ಹಾಡಿದ, ಹಾಡಲಿಕ್ಕೆ ಅವನು ಏನು ದಾಟಿ ಬರಬೇಕಾಯಿತು ಎನ್ನುವುದಕ್ಕೆ ಓದುಗ ಬೇರೆಲ್ಲಾದರೂ ಹೋಗಬೇಕು.

ಮೂರನೆಯ ವಾಕ್ಯದ ಬಗ್ಗೆ ನನ್ನ ಜಗಳವಿಲ್ಲ. ಎರಡನೆಯದರಲ್ಲಿ ಅರ್ಧ ಮಾತ್ರ ಹೇಳಿದ್ದಾರೆ. ಮೊದಲನೆಯದು ಸೋಮಾರಿತನ, ಈ ಲೇಖನ ಮುಖ್ಯವಾಗಿ ಅದರ ಮೇಲೆ.

ಎದುರು ಪಕ್ಷದ ವಾದ ಇಷ್ಟು: ಹಳೆಯ ಫೋಟೊ ನೋಡಿ. ದಟ್ಟ ಕೂದಲು, ಕಿವಿಯ ಪಕ್ಕದಿಂದ ಕೆನ್ನೆಗೆ ಇಳಿದ ಪಟ್ಟಿ, ಅಗಲ ಕಾಲರಿನ ಅಂಗಿ. ಇಂಗ್ಲಿಷ್ ಹಾಡುಗಳನ್ನೂ ಹಾಡಿದವ. ಅವನು ಬಂದನೆಂದರೆ ಕಾಬೂಲಿನ ಹುಡುಗ ಹುಡುಗಿಯರು ಹುಚ್ಚೆದ್ದು ಸೇರುತ್ತಿದ್ದರು. ಇನ್ನೇನು ಬೇಕು? ಸರಿಯೇ. ಆದರೆ 1970ರ ದಶಕದಲ್ಲಿ ಆ ಕೂದಲು, ಆ ಕಾಲರು ಇಲ್ಲದ ಯುವಕ ಯಾವ ಪಟ್ಟಣದಲ್ಲಿದ್ದ? ನಮ್ಮ ಮಾವಂದಿರ ಮದುವೆ ಆಲ್ಬಮ್ ತೆಗೆದರೆ ಪುಟಕ್ಕೆ ನಾಲ್ವರು ಎಲ್ವಿಸ್‌ಗಳು ಸಿಗುತ್ತಾರೆ.

ಹೋಲಿಕೆ ಕುಸಿಯುವುದು ಬಾಲ್ಯದಲ್ಲೇ. ಎಲ್ವಿಸ್ ಪ್ರೀಸ್ಲಿ ಹುಟ್ಟಿದ್ದು ಮಿಸಿಸಿಪ್ಪಿಯ ಟ್ಯುಪೆಲೋದಲ್ಲಿ, ಎರಡು ಕೋಣೆಯ ಮನೆಯಲ್ಲಿ. 1954ರಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಅವನ ದನಿ ಮೊದಲು ಗಮನ ಸೆಳೆದಾಗ ಹೊಟ್ಟೆಪಾಡಿಗೆ ಟ್ರಕ್ ಓಡಿಸುತ್ತಿದ್ದ. ಹಾಡು ಅವನನ್ನು ಬಂಗಲೆಗೆ ಮುಟ್ಟಿಸಿತು. ಅಹ್ಮದ್ ಜಾಹಿರ್ ಬೆಳೆದದ್ದು ಅಧಿಕಾರದ ಪಡಸಾಲೆಯಲ್ಲಿ. ತಂದೆ ಡಾ. ಅಬ್ದುಲ್ ಜಾಹಿರ್ ಲಗ್ಮಾನ್ ಪ್ರಾಂತ್ಯದ ಪಶ್ತೂನರು. ಅಮೆರಿಕದಲ್ಲಿ ವೈದ್ಯಕೀಯ ಓದಿದವರು. ಆರೋಗ್ಯ ಮಂತ್ರಿಯಾಗಿ, ಸಂಸತ್ತಿನ ಕೆಳಮನೆಯ ಅಧ್ಯಕ್ಷರಾಗಿ, ರಾಯಭಾರಿಯಾಗಿ, ಕೊನೆಗೆ 1971ರಿಂದ 72ರವರೆಗೆ ದೇಶದ ಪ್ರಧಾನಿಯಾಗಿದ್ದವರು. (ದೊರೆ ಜಾಹಿರ್ ಶಾ ಬೇರೆ, ಈ ಜಾಹಿರ್ ಮನೆತನ ಬೇರೆ. ಹೆಸರು ನೋಡಿ ಗಾಯಕನನ್ನು ರಾಜಕುಮಾರ ಮಾಡಿದ ಬರಹಗಳೂ ನನ್ನ ಕಣ್ಣಿಗೆ ಬಿದ್ದಿವೆ.) ಎಲ್ವಿಸ್ ಹಾಡಿ ಮೇಲೆ ಹತ್ತಿದ. ಜಾಹಿರ್ ಹಾಡಬೇಕಾದರೆ ಮೆಟ್ಟಿಲಿಳಿದು ಬರಬೇಕಿತ್ತು.

ಯಾಕೆ ಇಳಿಯಬೇಕಿತ್ತು ಎಂಬುದು ತಿಳಿಯದೆ ಅವನ ಆರಂಭದ ದಿನಗಳು ಅರ್ಥವಾಗುವುದಿಲ್ಲ. ಅಫ್ಘನ್ನರು ಸಂಗೀತಗಾರರನ್ನು ಎರಡು ಪಂಕ್ತಿಯಲ್ಲಿ ಕೂರಿಸುತ್ತಿದ್ದರು: ಕಸ್ಬಿ ಮತ್ತು ಶೌಕಿ. ಕನ್ನಡಿಗರಿಗೆ ಈ ಪದಗಳನ್ನು ಅನುವಾದಿಸಿ ಹೇಳಬೇಕಿಲ್ಲ. ನಮ್ಮ ಕಸುಬು ಹಾಗೂ ನಮ್ಮ ಶೋಕಿ ಅದೇ ಬೇರಿನಿಂದ ಬಂದವು. ಕಸ್ಬಿ ಎಂದರೆ ತಂದೆಯಿಂದ ಮಗನಿಗೆ ವಾದ್ಯ ಬಂದ ಮನೆತನದವರು. ಹಾಡಿ ಬಾರಿಸಿ ಉಣ್ಣುವವರು. ಅವರ ಹಾಡಿಲ್ಲದೆ ಮದುವೆ ನಡೆಯದು, ಅವರಿಗೆ ಹೆಣ್ಣು ಕೊಡಲು ಮಾತ್ರ ಯಾರೂ ಮುಂದೆ ಬರರು. ಹೆರಾತ್ ಕಡೆ ಇದೇ ಮನೆತನಗಳು ಕ್ಷೌರದ ಕೆಲಸವನ್ನೂ ಮಾಡುತ್ತಿದ್ದವು ಎಂದರೆ ಸಮಾಜ ಅವರನ್ನು ಎಲ್ಲಿಟ್ಟಿತ್ತು ಎಂದು ಊಹಿಸಬಹುದು. ಈ ಲೆಕ್ಕಾಚಾರ ನಮಗೂ ಹೊಸದಲ್ಲ. ಶೌಕಿ ಎಂದರೆ ಹಂಬಲಕ್ಕೆ ಹಾಡುವವ, ಕಾಸು ಮುಟ್ಟದವ, ಆದ್ದರಿಂದ ಮರ್ಯಾದಸ್ಥ.

ಕಾಬೂಲಿನ ಕಸ್ಬಿಗಳ ಕೇರಿಯ ಹೆಸರು ಖರಾಬಾತ್. ಹಳೆಯ ನಗರದೊಳಗೆ, ಬಾಲಾ ಹಿಸಾರ್ ಕೋಟೆಯ ಹತ್ತಿರ. ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಅಮೀರ್ ಶೇರ್ ಅಲಿ ಖಾನ್ ಹಿಂದೂಸ್ತಾನದಿಂದ ಗವಾಯಿಗಳನ್ನೂ ನರ್ತಕಿಯರನ್ನೂ ಕರೆಸಿಕೊಂಡ. ಅವರ ವಂಶದವರು ಅಲ್ಲೇ ನೆಲೆನಿಂತು, ರಾಗ ತಾಳಗಳನ್ನು ಪಾರ್ಸಿ ಪದ್ಯಕ್ಕೆ ಒಗ್ಗಿಸಿದರು. ಉಸ್ತಾದ್ ಖಾಸಿಂ ಬಂದದ್ದು ಆ ಪರಂಪರೆಯಿಂದ. ಉಸ್ತಾದ್ ಮೊಹಮ್ಮದ್ ಹುಸೇನ್ ಸರಾಹಂಗ್ ಬಂದದ್ದು ಅಲ್ಲಿಂದಲೇ. ಅವರು ಎಳೆಯ ವಯಸ್ಸಿನಲ್ಲಿ ಪಟಿಯಾಲಾ ಘರಾಣೆಯ ಆಶಿಕ್ ಅಲಿ ಖಾನರ ಬಳಿ ವರ್ಷಗಟ್ಟಲೆ ಕಲಿತವರು. ಸೂಫಿ ಕವಿಗಳ ಭಾಷೆಯಲ್ಲಿ ಖರಾಬಾತ್ ಎಂದರೆ ಪಾಳು ಜಾಗ, ಹೆಂಡದಂಗಡಿ, ಲೋಕದ ಮರ್ಯಾದೆ ಬಿಟ್ಟವರು ದೇವರನ್ನು ಕಾಣುವ ತಾಣ. ಮಂತ್ರಿಯ ಮಗನಿಗೆ ಹೋಗಬಾರದು ಎನ್ನಲು ಇಷ್ಟು ಸಾಲದೆ?

ಜಾಹಿರ್ ಓದಿದ್ದು ಹಬೀಬಿಯಾ ಶಾಲೆಯಲ್ಲಿ. 1903ರಲ್ಲಿ ಅಮೀರ್ ಹಬೀಬುಲ್ಲಾ ಕಟ್ಟಿಸಿದ, ಆರಂಭದಲ್ಲಿ ಹಿಂದೂಸ್ತಾನದಿಂದ ಬಂದ ಮುಸ್ಲಿಂ ಮೇಷ್ಟ್ರುಗಳು ಪಾಠ ಹೇಳಿದ, ದೇಶದ ಮೊದಲ ಆಧುನಿಕ ಶಾಲೆ. ಅಲ್ಲಿ ಹುಡುಗರು ಸೇರಿ ವಾದ್ಯತಂಡ ಕಟ್ಟಿದರು. ಶಾಲೆಯ ಸಮಾರಂಭಗಳಲ್ಲಿ, ಹಬ್ಬದ ದಿನಗಳಲ್ಲಿ ಹಾಡುತ್ತಾ ಹಾಡುತ್ತಾ ಅವನಿಗೆ ‘ಬುಲ್‌ಬುಲ್-ಎ-ಹಬೀಬಿಯಾ’ ಎಂದು ಹೆಸರು ಬಿತ್ತು, ಹಬೀಬಿಯಾದ ಬುಲ್‌ಬುಲ್ ಹಕ್ಕಿ. ಜೊತೆಯ ಹುಡುಗರು ಪ್ರೀತಿಯಿಂದ ಇಟ್ಟ ಹೆಸರು ಇದು. ಪಾರ್ಸಿ ಕಾವ್ಯ ಬಲ್ಲವರಿಗೆ ಗುಲಾಬಿಯ ಮುಂದೆ ಅಳುತ್ತಾ ಹಾಡುವ ಆ ಹಕ್ಕಿ ಯಾರೆಂದು ಗೊತ್ತು. ಇಂಥ ಹೆಸರನ್ನು ಕೈಬಿಟ್ಟು ಮೆಂಫಿಸ್‌ನಿಂದ ಒಂದನ್ನು ಸಾಲ ತಂದೆವು.

ಆಮೇಲಿನದೂ ರಾಕ್ ಅಂಡ್ ರೋಲ್ ಕತೆಯ ಹಾಗಿಲ್ಲ. ಶಿಕ್ಷಕರ ತರಬೇತಿ ಕಾಲೇಜು. ಇಂಗ್ಲಿಷ್ ಕಲಿಸುವ ಓದಿಗಾಗಿ ಭಾರತದಲ್ಲಿ ಎರಡು ವರ್ಷ. ‘ಕಾಬೂಲ್ ಟೈಮ್ಸ್’ನಲ್ಲಿ ಪತ್ರಕರ್ತನ ಕೆಲಸ. ಇದು ಶೌಕಿಯ ದಾರಿ. ಕೈಯಲ್ಲಿ ಗೌರವದ ಉದ್ಯೋಗ ಇಟ್ಟುಕೊಂಡು, ಸಂಜೆಗೆ ಹಾರ್ಮೋನಿಯಂ. ಮುಂದೆ ಅವನು ಆ ಗೆರೆಯನ್ನೂ ದಾಟಿದ. ಖರಾಬಾತಿನ ತಬಲಾದವರ ಪಕ್ಕ ಕೂತ, ಧ್ವನಿಮುದ್ರಣಕ್ಕೆ ಹಣ ಪಡೆದ, ಹಾಡನ್ನೇ ಬದುಕು ಮಾಡಿಕೊಂಡ. ಎಲ್ವಿಸ್‌ನ ಬಂಡಾಯ ಸೊಂಟದಲ್ಲಿತ್ತು ಎನ್ನುತ್ತಾರೆ. ಜಾಹಿರ್‌ನ ಬಂಡಾಯ ಅವನು ಯಾರ ಪಕ್ಕ ಕೂತ ಎನ್ನುವುದರಲ್ಲಿತ್ತು. ಪ್ರಧಾನಿಯ ಮಗ ಕಸುಬಿನವರ ಜಮಖಾನೆಯ ಮೇಲೆ ಕೂತಾಗ ಕಾಬೂಲಿನ ದೊಡ್ಡ ಮನೆಗಳಲ್ಲಿ ಎಷ್ಟು ಹುಬ್ಬುಗಳು ಏರಿದ್ದವೋ.

ಸೊಂಟದ ಮಾತು ಬಂತಲ್ಲ. 1957ರ ಜನವರಿಯಲ್ಲಿ ಅಮೆರಿಕದ ಟೀವಿಯ ಎಡ್ ಸಲಿವನ್ ಶೋ ಎಲ್ವಿಸ್‌ನನ್ನು ಸೊಂಟದಿಂದ ಮೇಲಕ್ಕೆ ಮಾತ್ರ ತೋರಿಸಿತು. ಎಲ್ವಿಸ್ ಟೀವಿಯ ಕೂಸು. ಅಫ್ಘಾನಿಸ್ತಾನಕ್ಕೆ ಟೀವಿ ಬಂದದ್ದೇ 1978ರಲ್ಲಿ, ಜಾಹಿರ್ ಸಾಯುವ ಹಿಂದಿನ ವರ್ಷ. ದೇಶದ ಬಹುಪಾಲು ಜನರಿಗೆ ಅವನಿಗೆ ಸೊಂಟವಿದೆಯೆಂದೇ ಗೊತ್ತಿರಲಿಲ್ಲ! ಅವರಿಗೆ ಅವನೊಂದು ದನಿ. ರೇಡಿಯೊದಿಂದ ಬಂದದ್ದು, ಆಮೇಲೆ ಕ್ಯಾಸೆಟ್ಟಿನಿಂದ. ಅವನ ಮುಖ ನೋಡಿ ಹೋಲಿಕೆ ಕಟ್ಟುವವರು ಅವನ ಕೇಳುಗರು ನೋಡಿರದ ಒಂದನ್ನು ನೋಡಿ ಮಾತಾಡುತ್ತಿದ್ದಾರೆ.

ರೇಡಿಯೊ ಕಾಬೂಲ್ ಎಂಬ ಸಂಸ್ಥೆಯನ್ನು ಬಿಟ್ಟು ಈ ಕತೆ ಹೇಳುವುದೆಂದರೆ ಆಕಾಶವಾಣಿಯನ್ನು ಬಿಟ್ಟು ನಮ್ಮ ಸುಗಮ ಸಂಗೀತದ ಕತೆ ಹೇಳಿದ ಹಾಗೆ. ಅಲ್ಲಿ ಖರಾಬಾತಿನ ಉಸ್ತಾದರೂ ಪಟ್ಟಣದ ಓದಿದ ಶೌಕಿಗಳೂ ಒಂದೇ ಸ್ಟುಡಿಯೋದಲ್ಲಿ ಕೂತರು. ರುಬಾಬ್, ದಿಲ್‌ರುಬಾ, ತಬಲಾಗಳ ಪಕ್ಕಕ್ಕೆ ಕ್ಲಾರಿನೆಟ್, ಪಿಟೀಲು, ಅಕಾರ್ಡಿಯನ್ ಬಂದವು. ಪಶ್ತೂನರ ಧಾಟಿ, ಪಾರ್ಸಿ ಪದ, ಹಿಂದೂಸ್ತಾನಿ ಲಕ್ಷಣ ಕೂಡಿ ಒಂದು ಹೊಸ ಜನಪ್ರಿಯ ಶೈಲಿ ಹದಗೊಂಡಿತು. 1951ರಲ್ಲಿ ಮೀರ್ಮನ್ ಪರ್ವೀನ್ ಎಂಬ ಹೆಣ್ಣುಮಗಳ ದನಿ ಅಲ್ಲಿಂದ ಬಿತ್ತರವಾಯಿತು. ಕಾಬೂಲಿನ ಹೆಂಗಸರು ಪರ್ದಾ ತೆಗೆದು ಹೊರಬರಬಹುದೆಂದು ಸರ್ಕಾರ ತೋರಿಸಿಕೊಟ್ಟದ್ದು 1959ರಲ್ಲಿ. ಮುಖಕ್ಕಿಂತ ಎಂಟು ವರ್ಷ ಮೊದಲು ದನಿ ಹೊರಬಂತು. ಜಲೀಲ್ ಜಲಾಂದ್ ಇದ್ದರು. ಅಬ್ದುಲ್ ರಹೀಂ ಸರ್ಬಾನ್ ಇದ್ದರು; ಗಜಲಿನ ನೋವನ್ನು ಪಾಶ್ಚಾತ್ಯ ವಾದ್ಯಮೇಳದ ನಡುವೆ ಕೆಡದಂತೆ ಇರಿಸುವುದು ಹೇಗೆಂದು ಸರ್ಬಾನ್ ಮೊದಲೇ ತೋರಿಸಿದ್ದರು. ಜಾಹಿರ್ ಈ ಅಂಗಳಕ್ಕೆ ಬಂದವನು. ‘ಎಲ್ವಿಸ್’ ಎಂದ ಕೂಡಲೇ ಈ ಅಂಗಳ ಮಾಯವಾಗುತ್ತದೆ. ಹಿಂದಿಲ್ಲ, ಮುಂದಿಲ್ಲ, ಅಮೆರಿಕದ ಒಂದು ಕಿಡಿ ಹಾರಿ ಬಂದು ಹಿಂದುಕುಶದ ಬರಡಿನಲ್ಲಿ ಬಿದ್ದಂತೆ ಕತೆ ಓಡುತ್ತದೆ.

ಅಕಾರ್ಡಿಯನ್ನನ್ನೇ ನೋಡಿ. ಎಲ್ವಿಸ್ ಕೈಯಲ್ಲಿ ಗಿಟಾರ್. ಜಾಹಿರ್ ಎದೆಯ ಮೇಲೆ ಅಕಾರ್ಡಿಯನ್. ಅದು ಇನ್ನೊಬ್ಬರ ಎದೆಯ ಮೇಲೂ ಇತ್ತು, 1964ರ ‘ಸಂಗಮ್’ ಚಿತ್ರದಲ್ಲಿ ರಾಜ್ ಕಪೂರ್ ಎದೆಯ ಮೇಲೆ. ಶಂಕರ್-ಜೈಕಿಶನ್ ಅವರ ವಾದ್ಯಮೇಳ ಕೇಳಿ ಬೆಳೆದ ಯಾರಿಗೂ ಆ ವಾದ್ಯ ಪರಕೀಯವಲ್ಲ. ಕಾಬೂಲಿನ ಚಿತ್ರಮಂದಿರಗಳಲ್ಲಿ ಹಿಂದಿ ಸಿನಿಮಾ ನೀರು ಕುಡಿದಷ್ಟು ಸಲೀಸು. ಜಾಹಿರ್ ಹಿಂದಿ ಸಿನಿಮಾದ ಧಾಟಿಗಳನ್ನು ತಂದು ಪಾರ್ಸಿ ಪದ ಕೂಡಿಸಿದ. ಹಿಂದಿ ಹಾಡನ್ನೂ ಹಾಡಿದ. ಅದು ಕದ್ದದ್ದು ಎಂದು ಮೂಗು ಮುರಿದ ಪಂಡಿತರಿದ್ದಾರೆ. ಹಿಂದಿ ಸಿನಿಮಾ ಸಂಗೀತ ಎಲ್ಲೆಲ್ಲಿಂದ ಧಾಟಿ ಎತ್ತಿಕೊಂಡಿದೆಯೋ ಅದರ ಪಟ್ಟಿ ಹಿಡಿದು ನಾವು ಕಾಬೂಲಿಗೆ ಹೋದರೆ ತಲೆ ತಗ್ಗಿಸಬೇಕಾದವರು ನಾವೇ. ನನಗೆ ನಗು ಬರುವುದು ಬೇರೆ ಕಾರಣಕ್ಕೆ. ಇಷ್ಟು ಹತ್ತಿರದ ನೆಂಟಸ್ತನ ಕಿವಿಗೆ ಕೇಳುತ್ತಿದ್ದರೂ ನಮ್ಮ ಭಾರತದ ಪತ್ರಿಕೆಗಳು ಕೂಡ ಅಟ್ಲಾಂಟಿಕ್ ಆಚೆಯವನನ್ನೇ ತಂದು ಪಕ್ಕದಲ್ಲಿ ನಿಲ್ಲಿಸುತ್ತವೆ. ಬಾಗಿಲಲ್ಲಿ ನಿಂತ ಸೋದರತ್ತೆಯ ಮಗನ ಗುರುತು ಹಿಡಿಯಲು ಅಮೆರಿಕಕ್ಕೆ ಫೋನು.

ಆದರೆ ಧಾಟಿ, ವಾದ್ಯ ಎಲ್ಲ ಹೊರಗಿನ ಮಾತು. ಜಾಹಿರ್‌ನ ಜೀವ ಇದ್ದದ್ದು ಪದದಲ್ಲಿ. ರಾಕ್ ಅಂಡ್ ರೋಲಿನಲ್ಲಿ ಪದ ಹಗುರ, ತಾಳ ಭಾರ. ಅದು ಆ ಕಲೆಯ ಗುಣ, ನಾನು ದೂರುತ್ತಿಲ್ಲ. ಜಾಹಿರ್ ಎತ್ತಿಕೊಂಡದ್ದು ಹಾಫಿಜ್, ಸಾದಿ ಮತ್ತು ರೂಮಿಯನ್ನು. ರೂಮಿಯನ್ನು ಅಫ್ಘನ್ನರು ಆ ಹೆಸರಿನಿಂದ ಕರೆಯುವುದೂ ಇಲ್ಲ. 1207ರಲ್ಲಿ ಬಲ್ಖ್ ನಾಡಿನಲ್ಲಿ ಹುಟ್ಟಿದವರಾದ್ದರಿಂದ ಅಫ್ಘನ್ನರಿಗೆ ಅವರು ಮೌಲಾನಾ ಬಲ್ಖಿ. ಇವರ ಜೊತೆಗೆ ತನ್ನ ಕಾಲದ ಇರಾನಿ ಕವಿಗಳನ್ನೂ, ‘ಲೈಲಿ ಜಾನ್’ನಂಥ ಹಗುರ ಹಾಡುಗಳನ್ನೂ ಅದೇ ಗಂಟಲಿನಲ್ಲಿ ಹಾಡಿದ. 70ರ ದಶಕದೊಳಗೆ ಇಪ್ಪತ್ತಕ್ಕೂ ಹೆಚ್ಚು ಆಲ್ಬಮ್. ಬಹುಪಾಲು ಜನಕ್ಕೆ ಓದುಬರಹ ಬಾರದ ದೇಶವದು. ದಿವಾನ್ (ಕವಿಯ ಪದ್ಯಸಂಕಲನ) ಬಿಡಿಸಿ ಓದಲಾಗದ ಲಾರಿ ಡ್ರೈವರನೂ ನಾನ್ ಸುಡುವವನೂ ಏಳುನೂರು ವರ್ಷ ಹಳೆಯ ಗಜಲನ್ನು ಬಾಯಿಪಾಠ ಹೇಳುವಂತಾದದ್ದರಲ್ಲಿ ಈ ಪತ್ರಕರ್ತ ಗಾಯಕನ ಪಾಲು ದೊಡ್ಡದು.

ಕಾಬೂಲಿಗರ ಕಾವ್ಯದ ಹುಚ್ಚು ನಮಗೊಂದು ಬದಿಯಿಂದ ನಾಚಿಕೆ ತರಿಸುವಂಥದ್ದು. ಸರಾಹಂಗ್ ಅವರು ಜೀವನವಿಡೀ ಹಾಡಿದ ಮಿರ್ಜಾ ಬೇದಿಲ್ ಹುಟ್ಟಿದ್ದು ಪಟ್ನಾದಲ್ಲಿ, 1720ರಲ್ಲಿ ತೀರಿಕೊಂಡದ್ದು ದೆಹಲಿಯಲ್ಲಿ. ದೆಹಲಿ ಅವನನ್ನು ಮರೆತಿದೆ. ಕಾಬೂಲಿನಲ್ಲಿ ಅವನ ಒಂದು ದ್ವಿಪದಿಗೆ ಅರ್ಥ ಹೇಳಲು ರಾತ್ರಿಯಿಡೀ ಕೂರುವವರಿದ್ದರು.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಏನಾದರೂ ಇದ್ದರೆ ಅದು ಭಾವಗೀತೆ. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ ಕವಿಯ ಪುಸ್ತಕದಿಂದ ಪದವನ್ನು ಎತ್ತಿ ರೇಡಿಯೊ ಮೂಲಕ ಅಡುಗೆಮನೆಗೆ ತಲುಪಿಸಿದರಲ್ಲ, ಆ ಕೆಲಸ. ಹಾಗೆಂದು ಜಾಹಿರ್‌ನನ್ನು ‘ಕಾಬೂಲಿನ ಕಾಳಿಂಗರಾಯ’ ಎನ್ನಲು ಪೆನ್ನು ತವಕಪಡುತ್ತಿದೆ. ಬೇಡ. ಮೇಲೆ ನಾಲ್ಕು ಪುಟ ಬೈದು ಕೆಳಗೆ ನಾನೇ ಬೋರ್ಡು ಬರೆದಂತಾಗುತ್ತದೆ.

ಇಷ್ಟೆಲ್ಲ ಒಂದು ಅಡ್ಡಹೆಸರಿಗಾಗಿ ಯಾಕೆ ಎಂದು ಕೇಳಬಹುದು. ಆ ಹೆಸರು ಒಂಟಿಯಾಗಿ ಬರುವುದಿಲ್ಲ, ಒಂದು ಸಿದ್ಧ ಕತೆಯನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಮೊಣಕಾಲು ಕಾಣುವ ಲಂಗ ತೊಟ್ಟ ಕಾಬೂಲಿನ ವಿದ್ಯಾರ್ಥಿನಿಯರ ಆ ಕಪ್ಪುಬಿಳುಪು ಫೋಟೊಗಳನ್ನು ನೀವೂ ನೋಡಿರುತ್ತೀರಿ. ‘ಒಂದು ಕಾಲದಲ್ಲಿ ಕಾಬೂಲ್ ಹೀಗಿತ್ತು’ ಎಂಬ ನಿಟ್ಟುಸಿರಿನ ಜೊತೆ ಫೋನಿನಿಂದ ಫೋನಿಗೆ ಓಡಾಡುತ್ತವೆ. ಆ ಕತೆಯಲ್ಲಿ ಪಶ್ಚಿಮ ಬಂದಾಗ ಹಾಡು ಬಂತು, ಮುಲ್ಲಾ ಬಂದಾಗ ಹಾಡು ಹೋಯಿತು. ನಡುವೆ ನಿಂತ ಜಾಹಿರ್ ಒಂದು ಸಾಕ್ಷಿ. ಚೊಕ್ಕ ಕತೆ, ಆದರೆ ಸುಳ್ಳು.

ಹಾಡು ಪಶ್ಚಿಮದಿಂದ ಬಂದದ್ದಲ್ಲ ಎಂಬುದನ್ನು ಆಗಲೇ ಹೇಳಿದೆ; ಅದು ಚಿಶ್ತಿ ಸೂಫಿಗಳ ನೆರಳಿನಲ್ಲಿ, ಸಂಗೀತವನ್ನು ಆತ್ಮದ ಆಹಾರವೆಂದು ನಂಬಿದ ಮುಸ್ಲಿಂ ಮನೆಗಳಲ್ಲಿ ಬೆಳೆದದ್ದು. ಇನ್ನು ಜಾಹಿರ್‌ನ ಸಾವು. 1978ರ ಏಪ್ರಿಲ್ 27ರಂದು ಸೌರ್ ಕ್ರಾಂತಿ ಎಂದು ಹೆಸರಿಟ್ಟುಕೊಂಡು ಅಧಿಕಾರ ಹಿಡಿದವರು ಮುಲ್ಲಾಗಳಲ್ಲ, ಕಮ್ಯುನಿಸ್ಟರು. ಭೂಸುಧಾರಣೆ, ಹೆಣ್ಣುಮಕ್ಕಳ ಓದು, ಪ್ರಗತಿ ಎಂದು ಭಾಷಣ ಮಾಡುತ್ತಲೇ ಪುಲ್-ಎ-ಚರ್ಖಿ ಜೈಲನ್ನು ತುಂಬಿಸಿದವರು. ಜಾಹಿರ್‌ಗೆ ಎಷ್ಟೋ ಒಳ್ಳೆಯ ಧಾಟಿಗಳನ್ನು ಕಟ್ಟಿಕೊಟ್ಟ ನೈನವಾಜ್, ಅವನೂ ದೊಡ್ಡ ಮನೆತನದ ಶೌಕಿಯೇ, 1979ರಲ್ಲಿ ಆ ಆಡಳಿತದ ಕೈಯಲ್ಲೇ ಜೀವ ಕಳೆದುಕೊಂಡ. ಅದೇ ವರ್ಷ ಜೂನ್ 14ರಂದು ಕಾಬೂಲಿನ ಉತ್ತರಕ್ಕೆ ಸಾಲಂಗ್ ದಾರಿಯಲ್ಲಿ ಜಾಹಿರ್ ಸತ್ತ. ಕಾರು ಅಪಘಾತ ಎಂದಿತು ಸರ್ಕಾರ. ಗುಂಡು ಎಂದರು ಜನ. ಇವತ್ತಿಗೂ ಹಾಗೆಯೇ ಅನ್ನುತ್ತಾರೆ. ಹಳೆಯ ಗಜಲುಗಳಲ್ಲಿ ದಾಸ್ಯ, ಸ್ವಾತಂತ್ರ್ಯದ ಮಾತು ಬಂದಾಗ ಅವನ ದನಿ ಏರುತ್ತಿದ್ದ ಬಗೆ ಅವರ ಕಿವಿಯಲ್ಲಿತ್ತು. ಎರಡನೇ ವಾಕ್ಯದಲ್ಲಿ ಅರ್ಧ ಹೇಳುತ್ತಾರೆ ಎಂದೆನಲ್ಲ, ಬಿಟ್ಟ ಅರ್ಧ ಇದು: ಅವನು ತೀರಿಕೊಂಡಾಗ ಕಾಬೂಲನ್ನು ಆಳುತ್ತಿದ್ದವರು ಗಡ್ಡವಿಲ್ಲದ, ಸೂಟು ತೊಟ್ಟ ಆಧುನಿಕರು. ಖರಾಬಾತ್ ಕೇರಿಯನ್ನು ನೆಲಸಮ ಮಾಡಿದ್ದು 1992ರ ನಂತರ ತಮ್ಮ ತಮ್ಮಲ್ಲೇ ರಾಕೆಟ್ ಹಾರಿಸಿಕೊಂಡ ಮುಜಾಹಿದೀನ್ ಗುಂಪುಗಳು, ಪಶ್ಚಿಮವೇ ಮದ್ದುಗುಂಡು ಕೊಟ್ಟು ಸಾಕಿದವರು. 1996ರಲ್ಲಿ ತಾಲಿಬಾನ್ ಬಂದು ಕ್ಯಾಸೆಟ್ಟಿನ ಟೇಪು ಎಳೆದು ಚೆಕ್‌ಪೋಸ್ಟಿನ ಕಂಬಗಳಿಗೆ ಸುತ್ತಿತು, ಜಾಹಿರ್‌ನ ಗೋರಿಯನ್ನು ಒಡೆಯಿತು. 2021ರ ಆಗಸ್ಟಿನಲ್ಲಿ ಅದು ಮರಳಿದ ಕೆಲವೇ ದಿನಗಳಲ್ಲಿ ಅಂದರಾಬ್ ಕಣಿವೆಯ ಜನಪದ ಗಾಯಕ ಫವಾದ್ ಅಂದರಾಬಿಯನ್ನು ಕೊಂದರು. ಇವೆಲ್ಲವೂ ನಡೆದವು. ತಾಲಿಬಾನಿನ ಪಾಪವನ್ನು ಕಡಿಮೆ ಮಾಡಲು ನಾನು ಹೊರಟಿಲ್ಲ. ಆದರೆ ಹಾಡಿನ ಕುತ್ತಿಗೆಗೆ ಕೈಯಿಟ್ಟವರ ಸಾಲು ಉದ್ದವಿದೆ, ಅದರಲ್ಲಿ ಬಗೆಬಗೆಯ ಉಡುಪಿನವರಿದ್ದಾರೆ. ‘ಎಲ್ವಿಸ್’ ಎಂಬ ಕತೆಗೆ ಒಂದೇ ಉಡುಪಿನವರು ಬೇಕು.

ನನ್ನ ವಾದಕ್ಕೆ ಬಿದ್ದ ದೊಡ್ಡ ಪೆಟ್ಟು ಬಂದದ್ದು ಒಬ್ಬ ಅಫ್ಘನ್ ಹುಡುಗನಿಂದಲೇ. ಮೈಸೂರಿಗೆ ಓದಲು ಬಂದಿದ್ದ. ಸ್ನೇಹಿತರೊಬ್ಬರ ಮನೆಯಲ್ಲಿ ಪರಿಚಯವಾಯಿತು. ನಾನು ಜಾಹಿರ್ ಹೆಸರೆತ್ತಿದ ತಕ್ಷಣ ಅವನೇ, “ಹೌದು ಸರ್, ನಮ್ಮ ಎಲ್ವಿಸ್!” ಎಂದ, ಕಣ್ಣರಳಿಸಿ. ನಾನು ಮೇಲಿನ ಭಾಷಣವನ್ನೆಲ್ಲ ಒಪ್ಪಿಸಿದೆ. ತಾಳ್ಮೆಯಿಂದ ಕೇಳಿ ಹೇಳಿದ: “ಸರ್, ಅಹ್ಮದ್ ಜಾಹಿರ್ ಅಂದ್ರೆ ಇಲ್ಲಿ ಯಾರಿಗೂ ಗೊತ್ತಾಗಲ್ಲ. ಎಲ್ವಿಸ್ ಅಂದ್ರೆ ಒಂದು ನಿಮಿಷ ಆದ್ರೂ ಕಿವಿ ಕೊಡ್ತಾರೆ. ಇಲ್ಲದಿದ್ರೆ ಅಫ್ಘಾನಿಸ್ತಾನ್ ಅಂದ ಕೂಡಲೇ ಬಾಂಬಿನ ವಿಷಯ ಕೇಳ್ತಾರೆ.”

ಉತ್ತರ ಹೊಳೆಯಲಿಲ್ಲ. ಅವನಿಗೆ ಆ ಹೆಸರು ವೀಸಾ ಇದ್ದ ಹಾಗೆ. ವೀಸಾ ಹಿಡಿದು ನಿಂತವನನ್ನು ಬೈಯುವುದಲ್ಲ, ಅದಿಲ್ಲದೆ ಒಳಗೆ ಬಿಡೆವು ಎಂದು ಕೌಂಟರಿನ ಈಚೆ ಕೂತವರನ್ನು ಬೈಯಬೇಕು ಎಂದು ಮನೆಗೆ ಬಂದ ಮೇಲೆ ಅನ್ನಿಸಿತು. ಈಚೆ ಕೂತವರಲ್ಲಿ ನಾನೂ ಒಬ್ಬ. ಜಾಹಿರ್‌ನನ್ನು ನಾನು ಮೊದಲು ಕೇಳಿದ್ದು ‘ಅಫ್ಘನ್ ಎಲ್ವಿಸ್’ ಎಂದು ಹುಡುಕಿಯೇ.

ಅದೇ ಸಂಜೆ ಹುಡುಗ ಫೋನಿನಲ್ಲಿ ಒಂದು ಗಜಲ್ ಹಾಕಿದ. ಅರ್ಥ ಹೇಳು ಎಂದೆ. ಮೊದಲ ದ್ವಿಪದಿಗೇ ಅರ್ಧ ಗಂಟೆ ಹಿಡಿಯಿತು; ಒಂದು ಶಬ್ದಕ್ಕೆ ಅವನ ತಾತ ಒಂದು ಅರ್ಥ ಹೇಳುತ್ತಿದ್ದರಂತೆ, ಶಾಲೆಯ ಮೇಷ್ಟ್ರು ಇನ್ನೊಂದು. ಬರೆದವರು ಯಾರು ಎಂದು ಕೇಳಿದೆ. ಹಾಫಿಜ್ ಎಂದ. ಪಕ್ಕದಲ್ಲಿದ್ದ ಅವನ ರೂಮ್‌ಮೇಟ್, ಅವನೂ ಕಾಬೂಲಿನವನೇ, ಸುತಾರಾಂ ಅಲ್ಲ, ಸಾದಿ ಎಂದ. ಇಬ್ಬರಿಗೂ ಮಾತು ಏರಿತು. ಕೊನೆಗೆ ಹೆರಾತಿನಲ್ಲಿರುವ ಯಾರೋ ಚಿಕ್ಕಪ್ಪನಿಗೆ ಫೋನು ಹೋಯಿತು. ಆತ ಇಬ್ಬರೂ ಹೇಳದ ಮೂರನೆಯ ಒಬ್ಬ ಕವಿಯ ಹೆಸರು ಹೇಳಿ, ಸ್ಪೀಕರಿನಲ್ಲೇ ಪೂರ್ತಿ ಗಜಲನ್ನು ಒಪ್ಪಿಸತೊಡಗಿದ. ಹಾಡು ಹಿಂದೆ ಓಡುತ್ತಲೇ ಇತ್ತು. ಇಬ್ಬರೂ ಚಿಕ್ಕಪ್ಪನನ್ನು ಒಪ್ಪಲಿಲ್ಲ. ನಾನು ಎದ್ದು ಬರುವಾಗ ಅವರ ಹಾಸ್ಟೆಲಿನಲ್ಲಿ ಊಟದ ಹೊತ್ತು ಮೀರಿತ್ತು, ಜಗಳ ಮೂರನೇ ದ್ವಿಪದಿಗೆ ಬಂದಿತ್ತು.